ಗೋಡೆಗೆ ಬರೆಯದ ಭೇಟಿ

ಊರಿಗೆ ಊರೇ ಮಾಲತಿಯನ್ನು ‘ಸಿಸ್ಟರ್’ ಎಂದು ಕರೆಯುತ್ತಿತ್ತು. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರಿಂದ ಹಿಡಿದು ಬಳ್ಳಾರಿ ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರಿಗೂ ಅವಳು ಸಿಸ್ಟರ್. ಮಾರುತೇಶನೊಬ್ಬ ಮಾತ್ರ ಎಂಟು ತಿಂಗಳಲ್ಲಿ ಬಾಯಿತಪ್ಪಿಯೂ ಹಾಗೆ ಕರೆದವನಲ್ಲ. ಅವನಿಗೆ ಅವಳು ಮೇಡಂ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, ಕೆಲವು ಮಾತು ಒಂದು ಸಲ ಬಾಯಿಂದ ಬಂದರೆ ಆಮೇಲೆ ವಾಪಸು ತಗೊಳ್ಳೋಕೆ ಬರಲ್ಲ ಎಂದು ಹೇಳಿ ರಸ್ತೆಯ ಕಡೆ ಮುಖ ತಿರುಗಿಸಿದ್ದ. ಮಾಲತಿ ಆ ಮಾತನ್ನು ಎರಡು ದಿನ ಮೆಲುಕು ಹಾಕಿದ್ದಳು.

ಅದು ಎರಡು ಸಾವಿರದ ಮೂರನೆಯ ಇಸವಿ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನಲ್ಲಿ ಬಾಣಂತಿಯರನ್ನೂ ಹಸುಗೂಸುಗಳನ್ನೂ ನೋಡಿಕೊಳ್ಳಲು ಒಂದು ಟ್ರಸ್ಟು ಇಪ್ಪತ್ತು ಜನ ನರ್ಸ್‌ಗಳನ್ನು ಹಳ್ಳಿಗಳಿಗೆ ಬಿಟ್ಟಿತ್ತು. ಅವರ ಕೆಲಸ ನೋಡುವುದಕ್ಕೆ, ತಪ್ಪಿದರೆ ತಿದ್ದುವುದಕ್ಕೆ, ಸೋತರೆ ಕೈಹಿಡಿಯುವುದಕ್ಕೆ ತಾಲ್ಲೂಕಿಗೊಬ್ಬ ಸೂಪರ್‌ವೈಸರ್. ಚಳ್ಳಕೆರೆಗೆ ಮಾಲತಿ. ಆರು ವರ್ಷ ವಾರ್ಡಿನಲ್ಲಿ ದುಡಿದವಳು, ಮೂಗಿನ ತುದಿಯಲ್ಲೇ ಕೋಪ, ಅಕ್ಷರ ಮಾತ್ರ ಮುತ್ತು. ಮೊಳಕಾಲ್ಮೂರಿಗೆ ಮಾರುತೇಶ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವನು, ಮಾತು ಕಡಿಮೆ, ಆಡಿದ್ದು ಮಾತ್ರ ತೂಕದ್ದು. ಪ್ರತಿ ಶನಿವಾರ ಇಬ್ಬರೂ ನಡುದಾರಿಯ ತಳಕಿನಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ವಾರದ ವರದಿ ಹೋಲಿಸುತ್ತಿದ್ದರು. ಆಫೀಸಿನ ಕೆಲಸ ಅಂತ ಇಬ್ಬರೂ ಹೇಳಿಕೊಳ್ಳುತ್ತಿದ್ದರು. ವರದಿ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು, ಇವರು ಎರಡು ಬಸ್ಸು ಬಿಡುತ್ತಿದ್ದರು. ಅದನ್ನು ಹೋಟೆಲಿನವನು ಗಮನಿಸಿದ್ದ, ಟ್ರಸ್ಟಿನವರು ಗಮನಿಸಿರಲಿಲ್ಲ.

ಆ ಶನಿವಾರ ಮೇಜಿನ ಮೇಲೆ ಒಂದು ದಪ್ಪ ಫೈಲು ಇತ್ತು. ಟ್ರಸ್ಟಿನ ಹಿರಿಯ ವೈದ್ಯೆ ಡಾಕ್ಟರ್ ಸುಲೋಚನಮ್ಮ ಎಲ್ಲಿಂದಲೋ ಜೆರಾಕ್ಸ್ ಮಾಡಿಸಿ ಇಬ್ಬರಿಗೂ ಒಂದೊಂದು ಕೊಟ್ಟಿದ್ದರು. ನರ್ಸ್‌ಗಳ ಸೂಪರ್‌ವಿಷನ್ ಅನ್ನು ಮನಸ್ಸಿಗೆ ತೋಚಿದ ಹಾಗೆ ಮಾಡುವಂತಿಲ್ಲ, ಅದಕ್ಕೂ ಒಂದು ಮಾದರಿ ಬೇಕು, ಈ ಫೈಲಿನಲ್ಲಿ ಇರುವುದರಲ್ಲಿ ನಮ್ಮ ಎರಡು ತಾಲ್ಲೂಕಿಗೆ ಹೊಂದುವುದು ಯಾವುದು ಎಂದು ಇಬ್ಬರೂ ಕೂತು ಒಂದೂವರೆ ತಿಂಗಳಲ್ಲಿ ಹೇಳಬೇಕು ಎಂದು ಅವರ ಆಜ್ಞೆ.

ಫೈಲಿನ ಇಂಗ್ಲಿಷ್ ಹೆಸರುಗಳು ಬಾಯಿಗೆ ಸಿಗುವಂತಿರಲಿಲ್ಲ. ಇವರೇ ಹೆಸರಿಟ್ಟುಕೊಂಡರು. ಮೊದಲನೆಯದು ಪಟ್ಟಿ ಮಾದರಿ: ನರ್ಸು ಮಾಡಬೇಕಾದ ಕೆಲಸಗಳ ಪಟ್ಟಿ ಹಿಡಿದು ಹೋಗು, ಮಾಡಿದ್ದಕ್ಕೆ ಟಿಕ್ಕು, ಮಾಡದ್ದಕ್ಕೆ ತಪ್ಪು. ಎರಡನೆಯದು ಮೆಟ್ಟಿಲು ಮಾದರಿ: ಹೊಸಬಳಿಗೆ ಕೈಹಿಡಿದು ಕಲಿಸು, ಅವಳು ಹತ್ತಿದಂತೆಲ್ಲ ಕೈಬಿಡು. ಮೂರನೆಯದು ಕನ್ನಡಿ ಮಾದರಿ. ಅದನ್ನು ಮಾರುತೇಶ ಮೂರು ಸಲ ಓದಿದ್ದ.

ಮಾಲತಿಗೆ ಪಟ್ಟಿಯೇ ಸಾಕಾಗಿತ್ತು. ಕೆಲಸ ಆಗಿದೆಯಾ, ಆಗಿದೆ. ಆಗಿಲ್ಲವಾ, ಆಗಿಲ್ಲ. ಇದರಲ್ಲಿ ತಲೆಕೆಡಿಸಿಕೊಳ್ಳುವುದೇನಿದೆ ಎಂದು ಅವಳ ವಾದ.

“ಪಟ್ಟಿ ಹಿಡ್ಕೊಂಡು ಹೋದ್ರೆ ಅವ್ರು ಪಟ್ಟಿಗೆ ಉತ್ತರ ಕೊಡ್ತಾರೆ ಮೇಡಂ,” ಎಂದ ಮಾರುತೇಶ. “ನಿಮಗಲ್ಲ.”

“ನಿಮ್ಮ ಕನ್ನಡಿ ಏನು ಮಾಡುತ್ತಂತೆ?”

ಮಾರುತೇಶ ಮಂಡಕ್ಕಿಯಲ್ಲಿದ್ದ ಕಡಲೆಬೀಜವನ್ನೆಲ್ಲ ಆರಿಸಿ ಅವಳ ಕಡೆಗೆ ತಳ್ಳುತ್ತ ವಿವರಿಸಿದ. ಅದು ಅವನ ವಾರವಾರದ ಅಭ್ಯಾಸ, ಇಬ್ಬರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ಮೇಲಿನವರು ನರ್ಸಿನ ಜೊತೆ ಹೇಗಿರುತ್ತಾರೋ ನರ್ಸು ಬಾಣಂತಿಯ ಜೊತೆ ಹಾಗೇ ಇರುತ್ತಾಳೆ. ಇವರು ಗದರಿದರೆ ಅವಳೂ ಗದರುತ್ತಾಳೆ. ಇವರ ಮುಂದೆ ಅವಳು ಬಾಯಿಬಿಡಲಿಲ್ಲ ಅಂದರೆ, ಅವಳ ಮುಂದೆ ಬಾಣಂತಿಯೂ ಬಾಯಿಬಿಡುತ್ತಿಲ್ಲ ಅಂತ ತಿಳಿಯಬೇಕು. ಹಾಗಾಗಿ ಮೊದಲು ನೋಡಬೇಕಾದ್ದು ನರ್ಸಿನ ರಿಜಿಸ್ಟರನ್ನಲ್ಲ, ತಮ್ಮಿಬ್ಬರ ನಡುವೆ ಏನು ಹೇಳದೆ ಉಳಿದಿದೆ ಅನ್ನುವುದನ್ನು.

“ಹಂಗಾದ್ರೆ ನಾವಿಬ್ರು ಹೆಂಗೆ ಮಾತಾಡ್ತೀವೋ ಅದೂ ಕೆಳಗಿನವರೆಗೂ ಹೋಗುತ್ತೆ ಅನ್ನಿ,” ಎಂದಳು ಮಾಲತಿ, ಬೇಕೆಂದೇ ಕಣ್ಣು ಕಿರಿದು ಮಾಡಿ.

ಅವನು ಆ ಕಣ್ಣನ್ನು ಒಂದು ಗಳಿಗೆ ನೇರವಾಗಿ ನೋಡಿದ. ಸಾಮಾನ್ಯವಾಗಿ ನೋಡುತ್ತಿರಲಿಲ್ಲ. “ಹೋಗುತ್ತೆ. ಅದಕ್ಕೇ ನಾನು ಹುಷಾರಾಗಿ ಮಾತಾಡೋದು.”

ಮಾಲತಿಯ ಕಿವಿ ಬಿಸಿಯಾಯಿತು. ಮೆಣಸಿನಕಾಯಿ ಖಾರ ಅಂತ ನೀರು ಕುಡಿದಳು. ಪಾಪ, ಆ ಮೆಣಸಿನಕಾಯಿಯನ್ನು ಅವಳಿನ್ನೂ ಮುಟ್ಟಿಯೇ ಇರಲಿಲ್ಲ.

ಆಮೇಲೆ ಅವಳು ಬ್ಯಾಗಿನಿಂದ ಒಂದು ಮೆಮೊ ತೆಗೆದು ಅವನ ಮುಂದಿಟ್ಟಳು. ಕಳಿಸುವ ಮುಂಚೆ ಒಮ್ಮೆ ಓದಿ, ಭಾಷೆ ಗಟ್ಟಿಯಾಯಿತೇನೋ ನೋಡಿ ಎಂದಳು. ಅದು ನಾಗರತ್ನ ಎಂಬ ನರ್ಸಿನ ಮೇಲಿನದು. ಬಾಣಂತಿಯ ಮನೆಗೆ ಹೋದಾಗಲೆಲ್ಲ ಬಾಗಿಲ ಪಕ್ಕದ ಗೋಡೆಯಲ್ಲಿ ಬಳಿದ ಕೆಮ್ಮಣ್ಣಿನ ಚೌಕದೊಳಗೆ ನರ್ಸು ಸೀಮೆಸುಣ್ಣದಲ್ಲಿ ತಾರೀಕು ಬರೆಯಬೇಕು. ಅದು ಟ್ರಸ್ಟಿನ ನಿಯಮ. ಕಾರೆಹಟ್ಟಿಯ ಬಾಣಂತಿ ಕರಿಯಕ್ಕನನ್ನು ಹನ್ನೆರಡು ದಿನದಲ್ಲಿ ಆರು ಸಲ ನೋಡಿದ್ದೇನೆ ಎಂದು ನಾಗರತ್ನಳ ರಿಜಿಸ್ಟರ್ ಹೇಳುತ್ತಿತ್ತು. ಮಾಲತಿ ಹಟ್ಟಿಯೊಳಗೆ ಹೋಗಿ ಆ ಮನೆಯ ಗೋಡೆ ನೋಡಿ ಬಂದಿದ್ದಳು. ಚೌಕ ಖಾಲಿ. ಮನೆಗೆ ಬೀಗ. ನಾಗರತ್ನ ತನ್ನ ಮನೆಯಲ್ಲೇ ಕೂತು ರಿಜಿಸ್ಟರ್ ತುಂಬಿದ್ದಾಳೆ, ಇಂಥವಳನ್ನು ಮುಂದುವರಿಸಬಾರದು ಎಂದು ಬರೆದಿದ್ದಳು.

ಮಾರುತೇಶ ಓದಿದ. ಮತ್ತೊಮ್ಮೆ ಓದಿದ. ಕರಿಯಕ್ಕ ಎಂಬ ಹೆಸರಿನ ಮೇಲೆ ಅವನ ಬೆರಳು ನಿಂತೇಬಿಟ್ಟಿತು.

“ನಾಗರತ್ನನ್ನ ಕೇಳಿದ್ರಾ?”

“ಗೋಡೆ ನೋಡಿದೆನಲ್ಲ. ಕೇಳೋದೇನಿದೆ?”

ಅವನ ತುಟಿ ಅಲುಗಿತು. ಕಾಗದವನ್ನು ಬಂದ ಮಡಿಕೆಯಲ್ಲೇ ಮಡಚಿ ವಾಪಸು ಕೊಟ್ಟು, ಡಾಕ್ಟ್ರು ಅವಳನ್ನ ಕರೆದು ಕೇಳ್ತಾರೆ ಬಿಡಿ ಎಂದ. ಮಾಲತಿ ಅದನ್ನು ಒಪ್ಪಿಗೆ ಅಂತಲೇ ತಿಳಿದಳು. ಪ್ರತಿ ವಾರ ಅವಳ ಬಸ್ಸು ಹೊರಡುವವರೆಗೆ ಕಿಟಕಿಯ ಕೆಳಗೆ ನಿಲ್ಲುತ್ತಿದ್ದವನು ಅವತ್ತು ಮೊದಲೇ ಹೊರಟುಹೋದ. ಅವಳಿಗೆ ಸ್ವಲ್ಪ ಬೇಜಾರಾಯಿತು.

ಡಾಕ್ಟರ್ ಸುಲೋಚನಮ್ಮ ಯಾರನ್ನೂ ಕರೆದು ಕೇಳಲಿಲ್ಲ. ಅವರು ಒಂದು ತಿಂಗಳ ತರಬೇತಿಗೆಂದು ಮೈಸೂರಿಗೆ ಹೋಗಿದ್ದರು. ಆಫೀಸಿನವರು ಮೆಮೊ ನೋಡಿದರು, ಮಾಲತಿಯ ಮುತ್ತಿನಂಥ ಅಕ್ಷರ ನೋಡಿದರು, ನಾಗರತ್ನಳ ಕಾಂಟ್ರಾಕ್ಟ್ ರದ್ದು ಮಾಡಿದರು. ನಾಗರತ್ನ ತೂಕದ ತಕ್ಕಡಿ, ಥರ್ಮಾಮೀಟರ್, ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟಳು. ಹೇಳುವುದೇನಾದರೂ ಇದೆಯಾ ಎಂದು ಮಾಲತಿ ಕೇಳಿದಳು. ಕೇಳುವ ಧಾಟಿಯಲ್ಲೇ ಏನೂ ಹೇಳಬೇಡ ಅನ್ನುವುದಿತ್ತು.

“ಏನಿಲ್ಲಕ್ಕ. ಕರಿಯಕ್ಕನ ಕೂಸು ಈಗ ಚೆನ್ನಾಗಿ ತೂಕ ಹಿಡಿತೈತೆ. ಅಷ್ಟು ನೋಡ್ಕಳ್ಳಿ.”

ಹೋಗದೇ ಇದ್ದವಳಿಗೆ ಕೂಸಿನ ತೂಕ ಹೇಗೆ ಗೊತ್ತು? ಇಷ್ಟು ಮಾಲತಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅದನ್ನೂ ಸುಳ್ಳಿನ ಜೊತೆಗೇ ಸೇರಿಸಿಬಿಟ್ಟಳು.

ಹೊಸ ನರ್ಸು ಬಂದಳು. ಚುರುಕಾಗಿದ್ದಳು. ಕಾರೆಹಟ್ಟಿಯ ಗೋಡೆಯ ಚೌಕದಲ್ಲಿ ತಾರೀಕಿನ ಮೇಲೆ ತಾರೀಕು ಬಿದ್ದವು. ಮಾಲತಿ ಹೋಗಿ ನೋಡಿ ಬೆನ್ನು ತಟ್ಟಿ ಬಂದಳು. ತಳಕಿನ ಶನಿವಾರಗಳಲ್ಲಿ ಮಾರುತೇಶ ಮಾತ್ರ ಮೊದಲಿನಂತಿರಲಿಲ್ಲ. ನಾಗರತ್ನಳನ್ನು ತೆಗೆದರು ಎಂದು ತಿಳಿದ ದಿನ ಅವನು ಟೀ ಕುಡಿಯದೇ ಎದ್ದಿದ್ದ. ಆಮೇಲೆ ಎರಡು ವಾರ ಮೊಳಕಾಲ್ಮೂರಿನಲ್ಲಿ ಕೆಲಸ ಜಾಸ್ತಿ ಎಂದು ಹೇಳಿಕಳಿಸಿದ. ಮಾಲತಿ ಒಬ್ಬಳೇ ತಳಕಿನಲ್ಲಿ ಇಳಿದು, ಒಬ್ಬಳೇ ಮಂಡಕ್ಕಿ ತಿಂದು, ಮೊದಲ ಬಸ್ಸಿಗೇ ವಾಪಸಾದಳು. ಏನು ತಪ್ಪು ಮಾಡಿದೆ, ಎಲ್ಲಿ ಮಾತು ಮೀರಿತು ಎಂದು ಹುಡುಕಿ ಹುಡುಕಿ ಸುಸ್ತಾದಳು. ಅವನಿಲ್ಲದೆ ವಾರವೇ ಮುಗಿಯುವುದಿಲ್ಲ ಎಂದು ಆಗಲೇ ಅವಳಿಗೆ ಅರ್ಥವಾದದ್ದು.

ಒಂದು ಬುಧವಾರ ಚಳ್ಳಕೆರೆಯ ಒಂದು ನರ್ಸಿಂಗ್ ಹೋಮಿನಿಂದ ಆಫೀಸಿಗೆ ಫೋನು ಬಂತು. ಕಾರೆಹಟ್ಟಿಯ ಬಾಣಂತಿಯೊಬ್ಬಳನ್ನು ಲಗೇಜ್ ಆಟೋದಲ್ಲಿ ತಂದಿದ್ದಾರೆ, ಅವಳ ಹತ್ತಿರ ನಿಮ್ಮ ಟ್ರಸ್ಟಿನ ಕಾರ್ಡು ಇದೆ ಎಂದರು. ಮಾಲತಿ ಓಡಿದಳು. ಕರಿಯಕ್ಕನ ಮೈ ಕೆಂಡವಾಗಿತ್ತು. ಎದೆಯ ಬಾವು ಕೀವಾಗಿತ್ತು. ಕೂಸು ಹಾಲಿಲ್ಲದೆ ಮುದುಡಿತ್ತು. ಐದು ದಿನ ಮುಂಚೆ ಯಾರಾದರೂ ಮುಟ್ಟಿ ನೋಡಿದ್ದರೆ ಮಾತ್ರೆಯಲ್ಲೇ ವಾಸಿಯಾಗುತ್ತಿತ್ತು, ಈಗ ಕುಯ್ಯದೆ ವಿಧಿಯಿಲ್ಲ ಎಂದು ಅಲ್ಲಿನ ಡಾಕ್ಟರು ಗೊಣಗಿದರು.

ಕುಯ್ದು ಪಟ್ಟಿ ಕಟ್ಟಿ, ಜ್ವರ ಇಳಿದ ಮೇಲೆ ಮಾಲತಿ ಮಂಚದ ಪಕ್ಕ ಕೂತು, ನಮ್ಮ ನರ್ಸು ಐದು ಸಲ ಬಂದಿದ್ದಳಲ್ಲ, ಅವಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

“ಆಯಮ್ಮ ಹಟ್ಟಿ ಒಳಕ್ಕೆ ಹೋಗಿ ಹಂಗೇ ಹೋಗ್ತಿದ್ಲು,” ಎಂದಳು ಕರಿಯಕ್ಕ. “ನಾನು ಒಳಗೆಲ್ಲಿದ್ದೆ? ಬೇಲಿ ಹೊರಗೆ, ಬಾಣಂತಿ ಗುಡ್ಲಾಗಿದ್ದೆ. ದೂರದಿಂದ ಚೆನ್ನಾಗಿದ್ದೀಯಾ ಅಂತ ಕೇಳಾಳು. ನನ್ನ ಮುಟ್ಟಿದ್ರೆ ಮೈಲಿಗೆ, ಆಮೇಲೆ ಹಟ್ಟಿ ಒಳಕ್ಕೆ ಹೋಗಂಗಿಲ್ಲ. ಗೋಡೆಗೆ ಬರಿಬೇಕಲ್ಲ ಆಯಮ್ಮ. ನಾಗರತ್ನಕ್ಕ ಹಂಗಲ್ಲ. ಬಂದು ನನ್ನ ಮುಟ್ಟಾಳು, ಕೂಸಿನ್ನ ತೂಗಾಳು, ಹಂಗೇ ಬಸ್ಸಿಗೆ ಹೋಗಾಳು. ಆಯಕ್ಕ ಯಾಕೆ ಬರಲ್ಲ ಈಗ?”

ಮಾಲತಿಗೆ ಈಗ ಅರ್ಥವಾಯಿತು. ಕುರಿ ಸಾಕುವವರ ಆ ಹಟ್ಟಿಗೆ ಸುತ್ತ ಕಾರೆಮುಳ್ಳಿನ ಬೇಲಿ. ಹೆತ್ತವಳು ಎರಡು ತಿಂಗಳು ಕೂಸಿನ ಸಮೇತ ಬೇಲಿಯಾಚೆಯ ಪುಟ್ಟ ಗುಡಿಸಲಲ್ಲಿ ಇರಬೇಕು, ಅವಳನ್ನು ಮುಟ್ಟಿದವರು ಅವಳು ಒಳಗೆ ಬರುವ ತನಕ ಬೇಲಿ ದಾಟುವಂತಿಲ್ಲ. ಗೋಡೆ ಮಾತ್ರ ಒಳಗಿದೆ. ನಿಜವಾಗಿ ಕೆಲಸ ಮಾಡಿದವಳ ಚೌಕ ಖಾಲಿಯೇ ಇರಬೇಕು, ತುಂಬಿದ್ದರೆ ಕೆಲಸ ಮಾಡಿಲ್ಲ ಅಂತಲೇ ಅರ್ಥ. ಮಾಲತಿ ಎರಡು ಸಲ ಆ ಗುಡಿಸಲ ಮುಂದೆಯೇ ನಡೆದು ಹೋಗಿದ್ದಳು. ಕುರಿಮರಿ ಕೂಡಿಹಾಕುವ ಗೂಡು ಇರಬೇಕು ಎಂದುಕೊಂಡಿದ್ದಳು.

ಅಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬಳನ್ನು ಕರೆದುಕೊಂಡು ಮಾರುತೇಶ ಬಂದ. ಅವನ ಕೈಯಲ್ಲಿ ಹಾಲಿನ ಚೊಂಬು.

“ಅತ್ತಿಗೆ,” ಎಂದ ಕರಿಯಕ್ಕನ ಕಡೆ ನೋಡಿ. ಆಮೇಲೆ ಮಾಲತಿಯನ್ನು ಕಂಡ.

ಇಬ್ಬರೂ ಹೊರಗೆ ಬೇವಿನ ಮರದ ಕೆಳಗೆ ಬಂದು ನಿಂತರು. ಅವನ ಊರು ಯಾವುದು ಎಂದು ಅವಳು ಎಂಟು ತಿಂಗಳಲ್ಲಿ ಒಂದೇ ಸಲ ಕೇಳಿದ್ದಳು. ತಳಕಿನ ಹತ್ತಿರ, ಮನೆಯಲ್ಲಿ ಕುರಿ ಇದೆ ಎಂದಿದ್ದ. ಅಷ್ಟಕ್ಕೇ ಬಿಟ್ಟಿದ್ದಳು.

“ಮೆಮೊ ಓದಿದಾಗ ನಿಮಗೆ ಗೊತ್ತಿತ್ತು,” ಎಂದಳು.

“ಮೊದಲನೇ ಸಾಲು ಓದ್ತಿದ್ದಂಗೇ ಗೊತ್ತಾಯ್ತು.”

“ಯಾಕೆ ಹೇಳ್ಲಿಲ್ಲ?”

ಅವನು ತಲೆ ತಗ್ಗಿಸಿಯೇ ಉತ್ತರ ಕೊಟ್ಟ. ಡಾಕ್ಟರು ವಿಚಾರಿಸುತ್ತಾರೆ, ನಾಗರತ್ನ ಹೇಳಿಕೊಳ್ಳುತ್ತಾಳೆ, ತನ್ನ ಬಾಯಿಂದ ಬರುವುದು ಬೇಡ ಅಂದುಕೊಂಡೆ ಎಂದ. ಅವಳನ್ನು ತೆಗೆದ ಮೇಲೆ ಹೊಸ ನರ್ಸು ಬರುತ್ತಾಳಲ್ಲ, ನೋಡಿಕೊಳ್ಳುತ್ತಾಳೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ ಎಂದ. ಅಣ್ಣ ಕುರಿ ಹಿಂಡಿನ ಹಿಂದೆ ಆಂಧ್ರದ ಕಡೆ ಹೋಗಿದ್ದ, ತಾನು ಮೊಳಕಾಲ್ಮೂರು ಬಿಟ್ಟು ಕದಲಿರಲಿಲ್ಲ.

“ಗುಡಿಸಲು ಅಂತ ಹೇಳಿದ್ರೆ ಅದು ನಮ್ಮನೇದು ಅಂತಾನೂ ಹೇಳಬೇಕಿತ್ತು ಮೇಡಂ. ಆಮೇಲೆ ನೀವೊಂದು ಪ್ರಶ್ನೆ ಕೇಳ್ತಿದ್ರಿ. ನಿಮ್ಮನ್ನ ಮದುವೆಯಾದ್ರೆ, ನಾನು ಹೆತ್ತಾಗ ನನ್ನನ್ನ ಎಲ್ಲಿ ಇಡ್ತೀರಿ ಅಂತ.”

ಮದುವೆ ಎಂಬ ಮಾತನ್ನು ಈ ಬಾಯಿಂದ ಕೇಳಲು ಮಾಲತಿ ಎಷ್ಟು ಶನಿವಾರ ಕಾದಿದ್ದಳು! ಬಂತು, ಬಂದದ್ದು ಇಂಥ ಜಾಗದಲ್ಲಿ, ಡೆಟಾಲ್ ವಾಸನೆಯ ನಡುವೆ, ಒಳಗೊಬ್ಬಳು ಎದೆ ಕುಯ್ಸಿಕೊಂಡು ಮಲಗಿರುವಾಗ. ಖುಷಿಪಡಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

“ಈಗ ಕೇಳ್ತಿದ್ದೀನಿ,” ಎಂದಳು. “ಎಲ್ಲಿ ಇಡ್ತೀರಿ?”

ಮಾರುತೇಶ ಬಾಯಿ ತೆರೆದ. ಅವನ ಹಿಂದೆ, ವಾರ್ಡಿನ ಬಾಗಿಲಲ್ಲಿ, ಅವನ ತಾಯಿ ಚಿನ್ನಕ್ಕ ಸೊಸೆಯ ಮಂಚಕ್ಕೆ ಮಾರು ದೂರದಲ್ಲಿ ಸೆರಗು ಒಟ್ಟುಮಾಡಿಕೊಂಡು ನಿಂತಿದ್ದಳು. ಅವನು ಅತ್ತ ನೋಡಿದ, ಮಾತು ನುಂಗಿಕೊಂಡ. ಮಾಲತಿ ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳು.

ಮರುದಿನ ನಾಯಕನಹಟ್ಟಿಯ ಬಸ್ಸು ಹಿಡಿದಳು. ನಾಗರತ್ನ ಮನೆಯ ಮುಂದೆ ಶೇಂಗಾ ಬಿಡಿಸುತ್ತ ಕೂತಿದ್ದಳು. ಮಾಲತಿಯನ್ನು ಕಂಡು ಎದ್ದು, ಚಾಪೆ ಹಾಸಿ, ನೀರು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ನಿಯಮ ಮುರಿದದ್ದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಮಾಲತಿ ಮೆತ್ತಗೆ ಕೇಳಿದಳು.

“ನೀವು ನನ್ನ ಕೇಳ್ಲಿಲ್ಲಕ್ಕ,” ಎಂದಳು ನಾಗರತ್ನ. “ಗೋಡೇನ ಕೇಳಿದ್ರಿ.”

ಒಂದು ಮುಷ್ಟಿ ಶೇಂಗಾ ಕೈಗೆತ್ತಿಕೊಂಡು ಮಾಲತಿಯೂ ಬಿಡಿಸತೊಡಗಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾಗರತ್ನ ನೋಡಿಯೂ ನೋಡದವಳಂತೆ, ಕೂಸಿನ ತೂಕ ಎಷ್ಟಾಗಿದೆ ಈಗ ಎಂದು ವಿಚಾರಿಸಿದಳು.

ತಿಂಗಳ ಕೊನೆಗೆ ಡಾಕ್ಟರ್ ಸುಲೋಚನಮ್ಮ ಬಂದರು. ಚಳ್ಳಕೆರೆಯ ಆಫೀಸಿನಲ್ಲಿ ಮೀಟಿಂಗು. ಇಪ್ಪತ್ತು ನರ್ಸ್‌ಗಳ ಜೊತೆ, ಮಾಲತಿಯೇ ಬರಹೇಳಿದ್ದರಿಂದ, ನಾಗರತ್ನಳೂ ಹಿಂದಿನ ಬೆಂಚಿನಲ್ಲಿದ್ದಳು. ಮಾರುತೇಶ ಕಿಟಕಿಯ ಹತ್ತಿರ. ಯಾವ ಮಾದರಿ ಆರಿಸಿದಿರಿ ಎಂದು ಡಾಕ್ಟರು ಕೇಳಿದರು.

ಮಾಲತಿ ಎದ್ದು ನಿಂತು ಮೊದಲು ಮೆಮೊದ ಕಥೆ ಹೇಳಿದಳು. ಗೋಡೆ, ಗುಡಿಸಲು, ಕರಿಯಕ್ಕನ ಎದೆಯ ಗಾಯ, ಹೊಸ ನರ್ಸಿಗೆ ತಾನೇ ಬೆನ್ನು ತಟ್ಟಿದ್ದು, ಒಂದನ್ನೂ ಬಿಡಲಿಲ್ಲ. ಹೊಸ ನರ್ಸು ಅಳತೊಡಗಿದಳು. ತಪ್ಪು ಅವಳದಲ್ಲ, ನಾನು ಗೋಡೆ ನೋಡುತ್ತೇನೆಂದು ಅವಳಿಗೆ ಗೊತ್ತಿತ್ತು, ನನಗೆ ಬೇಕಾದ್ದನ್ನು ಅವಳು ಮಾಡಿದಳು, ಅಷ್ಟೇ ಎಂದಳು ಮಾಲತಿ. ಪಟ್ಟಿ ಬೇಡ ಅನ್ನುವುದಿಲ್ಲ. ಆದರೆ ಪಟ್ಟಿಯಲ್ಲಿ ಬರೆಯಲಿಕ್ಕಾಗದ್ದು ಏನಿದೆ ಎಂದು ನರ್ಸಿನ ಪಕ್ಕ ಕೂತು ಕೇಳದೆ ಯಾವ ಟಿಕ್ಕನ್ನೂ ನಂಬಬಾರದು. ಹಾಗಾಗಿ ತನ್ನ ಆಯ್ಕೆ ಮೂರನೆಯದು, ಮಾರುತೇಶ್ ಅವರು ಹೇಳುತ್ತಿದ್ದ ಮಾದರಿ.

“ಅದರಲ್ಲೂ ಒಂದು ಕೊರತೆ ಇದೆ ಮೇಡಂ,” ಎಂದು ಡಾಕ್ಟರ ಕಡೆಗೇ ನೋಡುತ್ತ ಮುಗಿಸಿದಳು. “ಮೇಲಿನವರೇ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ್ರೆ ಏನು ಮಾಡಬೇಕು ಅಂತ ಆ ಫೈಲಿನಲ್ಲಿ ಬರೆದಿಲ್ಲ.”

ಹೆಸರು ಹೇಳಲಿಲ್ಲ. ಅವನೇ ಎದ್ದು ಹೇಳಲಿ ಎಂದು ಕಾದಳು. ಫ್ಯಾನು ತಿರುಗುತ್ತಿತ್ತು. ಮಾರುತೇಶ ಕುರ್ಚಿಯ ಕೈ ಹಿಡಿದು ಅರ್ಧ ಎದ್ದ, ಮತ್ತೆ ಕೂತ. ಮಾಲತಿ ಫೈಲು ಮುಚ್ಚಿ ತನ್ನ ಜಾಗದಲ್ಲಿ ಕೂತಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ನಾಗರತ್ನ ನಾಳೆಯಿಂದಲೇ ವಾಪಸು ಬರಲಿ ಎಂದರು. ಮಾಲತಿಗೆ, “ನೀನು ಮೂರು ತಿಂಗಳು ಸೂಪರ್‌ವೈಸರ್ ಅಲ್ಲ. ನಾಗರತ್ನನ ಜೊತೆ ಹಳ್ಳಿ ಸುತ್ತು. ಅವಳು ನಿನ್ನ ಕೆಲಸ ನೋಡ್ತಾಳೆ,” ಎಂದರು. ಶಿಕ್ಷೆ ಅಂತ ಹೇಳಿದರೋ ಪಾಠ ಅಂತ ಹೇಳಿದರೋ ಅವರ ಮುಖದಲ್ಲಿ ಗೊತ್ತಾಗಲಿಲ್ಲ. ಮಾಲತಿಗೆ ಎರಡೂ ಬೇಕಿತ್ತು.

ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ಕಾರೆಹಟ್ಟಿಗೆ ಹೋದರು. ಎರಡು ತಿಂಗಳು ತುಂಬಲು ಇನ್ನೂ ಹದಿನೆಂಟು ದಿನ ಬಾಕಿ. ಆಸ್ಪತ್ರೆಯಿಂದ ಬಂದ ಕರಿಯಕ್ಕ ಮತ್ತೆ ಅದೇ ಗುಡಿಸಲಿಗೆ ಸೇರಿದ್ದಳು. ಬಗ್ಗಿಯೇ ಒಳಗೆ ಹೋಗಬೇಕು, ಒಳಗೆ ಹೋದರೆ ಕಾಲು ಚಾಚುವಂತಿಲ್ಲ. ಮಾಲತಿ ಬಗ್ಗಿ ಹೋದಳು. ಗಾಯ ತೊಳೆದು ಬಟ್ಟೆ ಕಟ್ಟಿದಳು. ನಾಗರತ್ನ ಪಕ್ಕದಲ್ಲಿ ಕೂತು, ಗಂಟು ಬಿಗಿಯಾಯಿತು ಸಡಿಲ ಮಾಡಿ ಎಂದು ತಿದ್ದಿದಳು. ಕೂಸು ಇನ್ನೂರು ಗ್ರಾಂ ಹೆಚ್ಚಾಗಿತ್ತು.

ಹೊರಗೆ ಬಂದಾಗ ಮಾರುತೇಶ ನಿಂತಿದ್ದ. ಅವನ ಹಿಂದೆ ಮುಳ್ಳುಬೇಲಿಯ ಆಚೆ ಚಿನ್ನಕ್ಕ, ಸೊಸೆಗೆ ಮುದ್ದೆ ಸಾರು ತಂದು, ದೂರದಿಂದಲೇ ಇಡಲು ಕಲ್ಲು ನೋಡುತ್ತಿದ್ದಳು.

ಎಲ್ಲವನ್ನೂ ಬರೆದು ನಿನ್ನೆ ಡಾಕ್ಟರ ಕೈಗೆ ಕೊಟ್ಟೆ ಎಂದ ಮಾರುತೇಶ. ಗೊತ್ತಿದ್ದೂ ಸುಮ್ಮನಿದ್ದೆ ಅಂತ, ಕರಿಯಕ್ಕ ನನ್ನ ಅತ್ತಿಗೆ ಅಂತ, ಎಲ್ಲ ಇದೆ ಅದರಲ್ಲಿ. ನನ್ನನ್ನೂ ಸೂಪರ್‌ವೈಸರ್ ಕೆಲಸದಿಂದ ಇಳಿಸಿದ್ದಾರೆ.

“ಬರೆಯೋದು ಸುಲಭ,” ಎಂದಳು ಮಾಲತಿ. “ನಾನೂ ಚೆನ್ನಾಗೇ ಬರೆದಿದ್ದೆ.”

ಅವನಿಗೆ ತಾಗಿತು. ಮುಖ ಕೆಂಪಾಯಿತು. ತಿರುಗಿ ಬೇಲಿಯ ಕಡೆ ಎರಡು ಹೆಜ್ಜೆ ಇಟ್ಟ.

“ಅವ್ವ,” ಎಂದ. “ನಾನು ಇವ್ರನ್ನ ಮದ್ವೆ ಆಗ್ಬೇಕು ಅಂತ ಇದ್ದೀನಿ. ನನ್ನ ಹೆಂಡ್ತಿ ಹೆತ್ರೆ ಈ ಗುಡ್ಲಿಗೆ ಬರಲ್ಲ. ಮನೆಯಾಗೇ ಇರ್ತಾಳೆ.”

ಚಿನ್ನಕ್ಕ ಮುದ್ದೆಯ ತಟ್ಟೆ ಹಿಡಿದೇ ನಿಂತಳು. ಹಟ್ಟಿಯ ಯಜಮಾನ ಅವಳ ಗಂಡ ಜೋಗಪ್ಪನೇ, ಎಷ್ಟೋ ಮನೆಗಳ ಬಾಣಂತಿಯರನ್ನು ಹೊರಗಿಡಲು ಹೇಳಿದವನು ಅವನೇ. ಅವಳು ಮಾಲತಿಯನ್ನು ಮೇಲಿಂದ ಕೆಳಗೆ ನೋಡಿದಳು.

“ನೀನೇನಂತೀಯವ್ವ?” ಎಂದು ಕೇಳಿದಳು. “ಇವನು ಹೇಳಿದ್ದು ಕೇಳಿದೆ. ನೀನು ಹೇಳು.”

ಮಾಲತಿ ಮಾರುತೇಶನನ್ನು ನೋಡಿದಳು. ಅಷ್ಟು ದಿನದ ಸಿಟ್ಟಿನ ತಳದಲ್ಲಿ ಪ್ರೀತಿ ಹಾಗೇ ಇತ್ತು, ಒಂದು ಗುಲಗಂಜಿಯೂ ಕಮ್ಮಿಯಾಗಿರಲಿಲ್ಲ. ಹೂಂ ಅಂದುಬಿಡಲು ನಾಲಿಗೆ ತುದಿಗೆ ಬಂದಿತ್ತು. ಗುಡಿಸಲೊಳಗಿಂದ ಕೂಸು ಅತ್ತಿತು.

“ನನಗೆ ಇವ್ರು ಬೇಕು ಅವ್ವ,” ಎಂದಳು. “ಆದ್ರೆ ನನಗೊಬ್ಬಳಿಗೇ ಮನೆ, ಕರಿಯಕ್ಕಂಗೆ ಗುಡ್ಲು ಅಂದ್ರೆ ಬೇಡ. ಮೊದ್ಲು ಈಕೆ ಒಳಗೆ ಹೋಗ್ಲಿ. ಆಮೇಲೆ ನನ್ನ ಕೇಳಿ.”

ಮಾರುತೇಶ ಅವಳನ್ನು ನೋಡಿದ, ಒಮ್ಮೆ ತಲೆಯಾಡಿಸಿದ. ಆಮೇಲೆ ಗುಡಿಸಲ ಬಾಗಿಲಿಗೆ ಹೋಗಿ ಮಂಡಿಯೂರಿ ಕೈ ಚಾಚಿದ. ಒಳಗೆ ಕರಿಯಕ್ಕ ಗಾಬರಿಯಾಗಿ, ಬ್ಯಾಡ ಮೈದುನ, ಮೈಲಿಗೆ ಎಂದು ಹಿಂದೆ ಸರಿದಳು. ಅವನು ಚಾಚಿದ ಕೈ ಹಿಂದೆಗೆಯಲಿಲ್ಲ. ನಾಗರತ್ನ ಕರಿಯಕ್ಕನ ಮಡಿಲಿಂದ ಕೂಸನ್ನೆತ್ತಿ ಅವನಿಗೆ ಕೊಟ್ಟಳು. ಒಂದೂವರೆ ತಿಂಗಳಾಗಿದ್ದರೂ ತನ್ನ ಅಣ್ಣನ ಮಗನನ್ನು ಅವನು ಅಂದೇ ಮೊದಲ ಸಲ ಮುಟ್ಟಿದ್ದು. ಕೂಸನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಒದ್ದಾಡಿದ. ಮಾಲತಿ ಅವನ ಮೊಣಕೈ ಹಿಡಿದು ಮೇಲಕ್ಕೆತ್ತಿ, ತಲೆಗೆ ಆಸರೆ ಕೊಡಿ ಎಂದಳು. ಅವಳ ಬೆರಳು ಅವನ ಮೊಣಕೈಯಲ್ಲಿ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತು.

ಅವನು ಕೂಸಿನ ಸಮೇತ ಗುಡಿಸಲ ಮುಂದೆ ನೆಲದ ಮೇಲೆ ಕೂತ.

“ನಾನೂ ಮುಟ್ಟಿದೆ ಅವ್ವ. ಅತ್ತಿಗೆ ಒಳಗೆ ಬರೋತನಕ ನಾನೂ ಬರಲ್ಲ.”

ಚಿನ್ನಕ್ಕ ಬಹಳ ಹೊತ್ತು ಬೇಲಿಯಾಚೆಯೇ ನಿಂತಳು. ಇವನನ್ನು ಹೆತ್ತಾಗ ಇಲ್ಲೇ ಮಲಗಿದ್ದೆ, ಆಲಿಕಲ್ಲು ಮಳೆ ಬಿತ್ತು, ಮಾಡು ಹಾರಿಹೋಯಿತು, ಸೆರಗು ಮುಚ್ಚಿ ಕೂಸು ಉಳಿಸಿಕೊಂಡೆ, ಹೆಂಗಿದ್ದೀಯ ಅಂತ ಒಬ್ಬರೂ ಬಂದು ಕೇಳಲಿಲ್ಲ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು. ಆಮೇಲೆ ದಾರಿಗೆ ಅಡ್ಡವಿಟ್ಟಿದ್ದ ಮುಳ್ಳಿನ ಪಡಕು ಸರಿಸಿ ಈಚೆ ಬಂದಳು. ತಟ್ಟೆಯನ್ನು ಕಲ್ಲಿನ ಮೇಲಿಡದೆ ನೇರ ಕರಿಯಕ್ಕನ ಕೈಗೇ ಕೊಟ್ಟಳು. ಕೈ ತಗುಲಿತು. ಕರಿಯಕ್ಕನ ಕಣ್ಣು ತುಂಬಿ ಬಂತು.

ಚಿನ್ನಕ್ಕ ಮಗನ ತೊಡೆಯಿಂದ ಮೊಮ್ಮಗನನ್ನು ಕಿತ್ತುಕೊಂಡು ಮಡಿಲಿಗೆ ಹಾಕಿಕೊಂಡು ಕೂತಳು.

“ಈಗ ನಾನೂ ಒಳಕ್ಕೆ ಹೋಗಂಗಿಲ್ಲ,” ಎಂದಳು. “ಒಲೆ ಹಚ್ಚೋರು ಇಲ್ಲ, ಕುರಿಮರಿ ಬಿಡೋರು ಇಲ್ಲ. ಯಜಮಾನ ಬಂದು ಎಲ್ರನ್ನೂ ಕರೀಲಿ. ಕರೆದ್ರೆ ಎಲ್ರೂ ಹೋಗಾಣ. ಇಲ್ದಿದ್ರೆ ಇಲ್ಲೇ.”

ಬಿಸಿಲು ಏರಿತು. ಮಾಲತಿ ಮಾರುತೇಶನ ಪಕ್ಕಕ್ಕೆ ಸರಿದು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಳು. ಅವನು ಅವಳ ಕಡೆ ತಿರುಗಲಿಲ್ಲ, ಆದರೆ ಅವನ ಉಸಿರು ಬದಲಾದದ್ದು ಅವಳಿಗೆ ಗೊತ್ತಾಯಿತು. ಹಟ್ಟಿಯ ಒಳಗಿಂದ ಜೋಗಪ್ಪನ ದನಿ ಕೇಳಿಸಿತು. ಚಿನ್ನಕ್ಕಾ, ಎಲ್ಲಿದ್ದೀಯೇ, ಉಣ್ಣಾಕಿಕ್ಕು ಎಂದು ಕೂಗುತ್ತಿದ್ದ. ಮತ್ತೆ ಕೂಗಿದ. ಮೂರನೆಯ ಸಲ ದನಿ ಬೇಲಿಗೆ ಹತ್ತಿರವಾಗಿತ್ತು.

ಯಾರೂ ಏಳಲಿಲ್ಲ.